ಎರಡು ಕಿಲೋ

ಹುಬ್ಬಳ್ಳಿಯಿಂದ ಬರುವಾಗ
ದೇವಿಮನೆ ಘಟ್ಟದ ತಿರುವುಗಳನ್ನು
ಕಣ್ಣು ಮುಚ್ಚಿ ಬೆನ್ನಿನಿಂದಲೇ ಎಣಿಸಿದೆ.
ನಲವತ್ತಾದ ಮೇಲೆ ಲೆಕ್ಕ ತಪ್ಪಿತು.
ನೆಟ್ಟಗೆ ಮಾಡಿದ್ದು ನನ್ನನ್ನು, ರಸ್ತೆಯನ್ನಲ್ಲ, ಎಂದೆ.
ಡ್ರೈವರ್ ಮಂಜಣ್ಣ ನಕ್ಕ.
ನಗುವ ಭರದಲ್ಲಿ ಒಂದು ಹೊಂಡ ತಪ್ಪಿಸಲಿಲ್ಲ.

ಐವತ್ತೆಂಟು ಡಿಗ್ರಿ ಇತ್ತು, ಈಗ ಹದಿನಾರು.
ಎರಡು ಸರಳು, ಇಪ್ಪತ್ತು ತಿರುಪು.
ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದು ನೋಡಿದ ಅಜ್ಜ,
ಪಾತಿದೋಣಿ ಕಟ್ಟುತ್ತಿದ್ದವನು.
"ಹಿಡಿತ ಗಟ್ಟಿ ಉಂಟು" ಎಂದ.
ಆಮೇಲೆ ತಗ್ಗಿದ ದನಿಯಲ್ಲಿ,
"ತುಕ್ಕು ಹಿಡೀತದಾ ಕೇಳಿದ್ರಾ?"
ಉಪ್ಪುನೀರಿನವರ ಮೊದಲ ಪ್ರಶ್ನೆ ಅದೇ.

ಬಗ್ಗಬೇಡ, ತಿರುಚಬೇಡ,
ಎರಡು ಕಿಲೋಗಿಂತ ಹೆಚ್ಚು ಎತ್ತಬೇಡ.
ಮೀನು ಮಾರುವ ಆಯಿಗೆ
ಮೂರನೆಯದು ಕೂಡಲೇ ತಿಳಿಯಿತು.
"ಎರಡು ಕಿಲೋ ಅಂದ್ರೆ ಒಂದು ಇಸವಾಣ,
ತಲೆ ತೆಗೆದದ್ದು."
ಅಂದಿನಿಂದ ಮನೆಯ ಸಾಮಾನೆಲ್ಲ ಮೀನಾಯಿತು.
ಅನ್ನದ ಕುಕ್ಕರು ಒಂದೂವರೆ ಇಸವಾಣ,
ತಮ್ಮನ ಶಾಲೆಚೀಲ ಮೂರು.
ತುಂಬಿದ ಕೊಡದ ಹತ್ತಿರ ಹೋಗಲೂಬೇಡ.

ಕೈಜಾರಿದ ಬಾಚಣಿಗೆ
ಮಧ್ಯಾಹ್ನದವರೆಗೆ ಬಿದ್ದಲ್ಲೇ ಇತ್ತು.
ಇರುವೆಯೊಂದು ಅದರ ಹಲ್ಲುಗಳ ನಡುವೆ
ಹೋಗಿ, ಬಂದು, ಹೋಯಿತು.
ಹೊತ್ತು ಹೋಗಲು ಅದನ್ನೇ ನೋಡಿದೆ.
ಯಾರನ್ನೂ ಕರೆಯಬಾರದೆಂಬ ಹಟ.
ಆಮೇಲೆ ಕರೆದೆ.

ಯಾರಾದರೂ ಹಿಂದಿನಿಂದ ಕೂಗಿದರೆ
ಕತ್ತು ತಿರುಗಿಸಿದರೆ ಸಾಲದು,
ದೋಣಿಯ ಹಾಗೆ ಪೂರ್ತಿ ತಿರುಗಬೇಕು.
ತಿರುಗುವಷ್ಟರಲ್ಲಿ ಕೂಗಿದವರು
ಏನು ಹೇಳಬೇಕಿತ್ತೆಂದು ಮರೆತಿರುತ್ತಾರೆ.

ಒಂದೂವರೆ ಇಂಚು ಎತ್ತರವಾಗಿದ್ದೇನೆ.
ಹಳೆಯ ಟಾಪು ಹಾಕಿಕೊಂಡು ಕನ್ನಡಿ ಮುಂದೆ ನಿಂತರೆ
ಬಲಗಡೆ ಜೋಲು, ಎಡಗಡೆ ಉಬ್ಬು.
ಅಂಗಿಯೇ ಡೊಂಕು.
ಕುಮಟೆಗೆ ಹೋಗಿ ಕೇಳಿದೆ.
ಫಿಲೋಮಿನಾಬಾಯಿ ಬಾಯಿಯಿಂದ ಸೂಜಿ ತೆಗೆದು,
"ಎಂಟನೇ ಕ್ಲಾಸಿನಿಂದ ಎಡಭುಜಕ್ಕೆ
ಎರಡು ಪದರ ಬಟ್ಟೆ ಒಳಗೆ ಕೊಡ್ತಿದ್ದೆ" ಎಂದಳು.
ನನಗೆ ಗೊತ್ತಿರಲಿಲ್ಲ. ಆಯಿಗೂ.
ಐದು ವರ್ಷ ನನ್ನ ಡೊಂಕನ್ನು
ಒಬ್ಬಳೇ ಇಟ್ಟುಕೊಂಡಿದ್ದಳು, ಕೂಲಿ ಕೇಳದೆ.
ಒಂದೊಂದೇ ಹೊಲಿಗೆ ಬಿಚ್ಚಿದಳು.
ಒಳಗಿನ ತುಂಡುಗಳು ಬಣ್ಣ ಮಾಸದೆ
ಹೊಸ ಬಟ್ಟೆಯ ಹಾಗೇ ಇದ್ದವು.

ಆರನೇ ತಿಂಗಳು.
ಐದು ಕಿಲೋ ಎತ್ತಬಹುದು ಎಂದರು ಡಾಕ್ಟರು.
ಬಸ್ಸಿನಲ್ಲಿ ಬರುವಾಗ ಆಯಿ
ಆ ಮಾತು ಕೇಳದವಳಂತೆ ಕೂತಿದ್ದಳು.

ಅಘನಾಶಿನಿ ಇಳಿದ ಹೊತ್ತು
ಹೆಂಗಸರೆಲ್ಲ ಬಳಚು ಹೆಕ್ಕಲು ಬಗ್ಗಿದ್ದರು.
ಹತ್ತು ಬೆನ್ನುಗಳು ಮಗುಚಿಟ್ಟ ದೋಣಿಗಳ ಹಾಗೆ,
ನಡುವೆ ನಾನೊಬ್ಬಳು, ಹುಗಿದ ಗೂಟ.
ಬೀರಮ್ಮಜ್ಜಿ ತಲೆಯೆತ್ತಿ ನೋಡಿದಳು.
ಅಲ್ಲಿ ಬಗ್ಗೀ ಬಗ್ಗೀ
ಅವಳ ಬೆನ್ನು ಅಲ್ಲಿಯೇ ನಿಂತುಬಿಟ್ಟಿದೆ.
ಅವಳಿಗೆ ನೆಟ್ಟಗಾಗಲು ಬಾರದು,
ನನಗೆ ಬಗ್ಗಲು.
"ಕೈಯದ್ದು ಕಡೇ ಕೆಲಸ ಮಗಾ,
ಮೊದಲು ಕಾಲಲ್ಲಿ ನೋಡು."

ಕೆಸರಿಗೆ ಹೆಬ್ಬೆರಳು ಇಳಿಸಿದೆ.
ತಂಪು, ಮೆತ್ತಗೆ, ಏನೂ ಇಲ್ಲ.
ಮತ್ತೊಂದು ಹೆಜ್ಜೆ. ಏಡಿಯ ಬಿಲ, ಒಡೆದ ಚಿಪ್ಪು.
ಮತ್ತೆ, ಅಂಗಾಲಿನ ಅಡಿಯಲ್ಲಿ
ಬಾಯಿ ಮುಚ್ಚಿ ಕೂತ ಒಂದು ಗಟ್ಟಿ ಗುಂಡು.
ಹಂಗಿಲ್ಲದ ಕುರ್ಚಿಯಲ್ಲಿ ಕೂರುವವಳಂತೆ
ಮಂಡಿ ಮಡಚಿ ನೇರ ಕೆಳಗಿಳಿದೆ.
ನೀರು ಸೊಂಟಕ್ಕೆ ಬಂತು, ಆಮೇಲೆ ಎದೆಗೆ,
ಗಾಯದ ಗೆರೆಗೆ ಉಪ್ಪು ಮೊದಲ ಸಲ ತಾಗಿತು.
ಉರಿಯಲಿಲ್ಲ. ಉರಿಯುತ್ತದೆಂದು ಕಾದಿದ್ದೆ.

ದಡದಲ್ಲಿ ಆಯಿ ನನ್ನ ಬುಟ್ಟಿಯನ್ನು
ತಕ್ಕಡಿಗೆ ತೂಗುಹಾಕಿದಳು.
ಮುಳ್ಳು ಎರಡನ್ನು ತುಸು ದಾಟಿ ನಿಂತಿತು.
ಐದು, ಎಂದೆ ನಾನು. ಡಾಕ್ಟರು ಐದು ಎಂದಿದ್ದಾರೆ.
ಅವಳು ಒಂದು ಮುಷ್ಟಿ ಬಳಚು ತೆಗೆದು
ತನ್ನ ಬುಟ್ಟಿಗೆ ಹಾಕಿಕೊಂಡಳು,
ಮುಳ್ಳು ನೋಡಿದಳು,
ಇನ್ನೆರಡು ತೆಗೆದಳು.