ಓಡುವಾಗ ಸೊನ್ನೆ

ದನದ ಡಾಕ್ಟ್ರು ನಾಗವೇಣಿ ಜೀಪು ತಂದು ನಿಲ್ಲಿಸಿ
ಕೀಲಿ ಕೊಡುತ್ತ ಹೇಳಿದ್ದು ಇಷ್ಟು:
"ಬೇತಮಂಗಲದ ಕೆರೆ ಏರಿ ಮೇಲೆ, ಆ ತಿರುವಿನಲ್ಲಿ,
ಮುಳ್ಳು ದಡಕ್ಕನೆ ಸೊನ್ನೆಗೆ ಬೀಳುತ್ತೆ.
ಗಾಡಿ ಓಡುತ್ತಲೇ ಇರುತ್ತೆ, ನಲವತ್ತರಲ್ಲಿ.
ಎರಡು ದೀಪ ಹತ್ತುತ್ತವೆ, ಹಳದಿ.
ಆಮೇಲೆ ನಾಲ್ಕೂ ಚಕ್ರಕ್ಕೆ ಹಾಕಿದರೆ ಕಚ್ಚೋದಿಲ್ಲ.
ಮೊನ್ನೆ ಕೆಸರಲ್ಲಿ ಸಿಕ್ಕಿಕೊಂಡು, ಚೀಲ ಹೊತ್ತು ನಡೆದೆ.
ಕರು ಅಡ್ಡ ಬಂದಿತ್ತು."

ಉಳಿಯಿತಾ ಅಂತ ನಾನು ಕೇಳಲಿಲ್ಲ.
ಆಗಲೇ ನನ್ನ ತಲೆ ಬಾನೆಟ್ಟಿನೊಳಗಿತ್ತು.

ಸ್ಕ್ಯಾನರ್ ಹಚ್ಚಿದೆ. ಮುಂದಿನ ಬಲ ಚಕ್ರ, ಅಂದಿತು.
ಚಕ್ರಕ್ಕೊಂದು ಸೆನ್ಸರ್, ಕಿರುಬೆರಳಿನಷ್ಟು.
ಹಲ್ಲಿನ ಬಳೆ ಅದರ ಮುಂದೆ ತಿರುಗುವಾಗ
ಹಲ್ಲಿಗೊಂದು ಮಿಡಿತ ಮೇಲಕ್ಕೆ ಕಳಿಸುತ್ತದೆ.
ನಾಲ್ವರೂ ಲೆಕ್ಕ ಒಪ್ಪಿಸಬೇಕು;
ಒಬ್ಬ ಬಾಯಿ ಮುಚ್ಚಿದರೆ
ಮೇಲಿನ ಪೆಟ್ಟಿಗೆ ಉಳಿದ ಮೂವರನ್ನೂ ನಂಬುವುದಿಲ್ಲ.
ಗಣಿಯಲ್ಲೂ ಹಾಗೇ ಇತ್ತಂತೆ: ಇಳಿದ ಟೋಕನ್ನು
ಹತ್ತಿ ಬರದಿದ್ದರೆ ಯಾರಿಗೂ ಮನೆಯಿಲ್ಲ.

ಹೊಸ ಸೆನ್ಸರ್ ಹಾಕಿದೆ. ಎರಡು ಸಾವಿರದ ಎಂಟುನೂರು.
ಮೂರನೇ ದಿನ ಜೀಪು ಮತ್ತೆ ಬಂತು.
ಅದೇ ಎರಡು ದೀಪ.

ಆಗ ಯಂತ್ರ ಬದಿಗಿಟ್ಟೆ. ನಮ್ಮದು ಕಿವಿಯ ವಂಶ.
ಅಪ್ಪ, ಆರೋಗ್ಯಸಾಮಿ, ಚಾಂಪಿಯನ್ ರೀಫಿನ ಆಳದಲ್ಲಿ
ಸರಳಿನಿಂದ ನೆತ್ತಿಯ ಬಂಡೆ ತಟ್ಟುತ್ತಿದ್ದ.
ಗಂಟೆಯಂತೆ ಠಣ್ ಎಂದರೆ ನಿಂತು ಕೆಲಸ ಮಾಡು,
ತಮಟೆಯಂತೆ ಡಬ್ ಎಂದರೆ ಸರಿ ಆಚೆಗೆ.
ಮೂವತ್ತೊಂದು ವರ್ಷ. ಒಮ್ಮೆಯೂ ತಪ್ಪಲಿಲ್ಲ.
ಜಾಕಿ ಏರಿಸಿ, ಚಕ್ರ ಬೀಸಿ ತಿರುಗಿಸಿ
ಹಬ್ಬಿಗೆ ಸ್ಕ್ರೂಡ್ರೈವರ್ ಊರಿ, ಹಿಡಿಯನ್ನು ಕಿವಿಗೊತ್ತಿದೆ.
ಎಲ್ಲೋ ಗುರ್ರೆಂದಿತು.
ಬೇರಿಂಗು, ಅಂದೆ. ಖಂಡಿತ ಬೇರಿಂಗು.

ಅರ್ಧ ದಿನ ಬಡಿದು ಬಿಚ್ಚಿದೆ.
ಬೆಣ್ಣೆ ಹಾಗಿತ್ತು.

ಎಸ್ತರ್, ಐಟಿಐ ಮುಗಿಸಿ ಬಂದು ಮೂರು ತಿಂಗಳು,
ನೆಲದ ಮೇಲೆ ನಟ್ಟು ಬೋಲ್ಟು ಸಾಲಾಗಿ ಜೋಡಿಸುತ್ತ
ತಲೆ ಎತ್ತದೆ ಕೇಳಿದಳು:
"ಅಣ್ಣಾ, ಡಾಕ್ಟ್ರಮ್ಮ ತಿರುವಿನಲ್ಲಿ ಅಂದ್ರಲ್ಲ,
ಯಾವ ಕಡೆ ತಿರುವು?"

ಅಂದಿದ್ದರಾ?

ನಾವು ನೋಡಿದ್ದೆಲ್ಲ ಚಕ್ರ ನೆಟ್ಟಗಿಟ್ಟು.
ಮೀಟರಿನ ಎರಡು ಕಡ್ಡಿ ಅವಳು ಹಿಡಿದಳು,
ಸ್ಟೇರಿಂಗ್ ನಾನು. ಒಂದು ಪಾಯಿಂಟ್ ಎರಡು, ಅಂದಳು.
ಬಲಕ್ಕೆ ಪೂರ್ತಿ. ಒಂದು ಪಾಯಿಂಟ್ ಎರಡು.
ಎಡಕ್ಕೆ, ಮೆಲ್ಲಗೆ, ಇನ್ನೂ ಸ್ವಲ್ಪ,
"ನಿಲ್ಲಿಸಣ್ಣೋ! ಹೋಯ್ತು!"

ಸೆನ್ಸರಿನದಲ್ಲ, ಅದರಿಂದಾಚೆಯ ತಂತಿ.
ಮೇಲಿನ ಕಪ್ಪು ಚರ್ಮಕ್ಕೆ ಒಂದು ಗೀರೂ ಇಲ್ಲ.
ಉಗುರಿನಿಂದ ಗೇಣುಗೇಣಾಗಿ ಚಿವುಟುತ್ತ ಹೋದಳು;
ಮಡ್‌ಗಾರ್ಡಿನ ಕ್ಲಿಪ್ಪಿನ ಕೆಳಗೆ ಒಂದು ಕಡೆ
ದೀಪದ ಬತ್ತಿಯ ಹಾಗೆ ಮೆತ್ತಗೆ ಮಡಿಯಿತು.
ಒಳಗೆ ತಾಮ್ರ ಎರಡು ತುಂಡು.
ನೆಟ್ಟಗಿದ್ದಾಗ ಮುಟ್ಟಿಕೊಂಡು ಸುಮ್ಮನಿರುತ್ತವೆ,
ಗಾಡಿ ಎಡಕ್ಕೆ ಹೊರಳಿದಾಗ ಕೈ ಬಿಡುತ್ತವೆ.

ಅಪ್ಪನದು ಬಂಡೆಯ ಮಾತು ಕೇಳುವ ಕಿವಿ.
ಮನೆಯಲ್ಲಿ ಅಮ್ಮ ಮೂರು ಸಲ ಹೇಳುವಳು,
ನಾಲ್ಕನೆಯ ಸಲ ಒಲೆಗೆ ಹೇಳುವಳು.
ಇದು ನನಗೆ ಈಗ ಯಾಕೆ ನೆನಪಾಗಬೇಕು?

ನಾಲ್ಕಿಂಚು ತಂತಿ, ಒಂದು ಚಿಟಿಕೆ ಸೀಸ. ಹನ್ನೆರಡು ರೂಪಾಯಿ.
ಸಯನೈಡ್ ದಿಬ್ಬದ ಸುತ್ತ ಎಸ್ತರಳೇ ಓಡಿಸಿದಳು,
ಎಡಕ್ಕೆ, ಎಡಕ್ಕೆ, ಮತ್ತೂ ಎಡಕ್ಕೆ,
ಬಿಳಿ ಧೂಳಿನಲ್ಲಿ ಮೂರು ಸುತ್ತು.
ಮುಳ್ಳು ನಲವತ್ತು ಬಿಟ್ಟು ಕದಲಲಿಲ್ಲ.
ನಾಲ್ಕು ಚಕ್ರ ಟಕ್ ಎಂದು ಕಚ್ಚಿದವು.

ಸಂಜೆ ಡಾಕ್ಟ್ರು ಬಂದರು. ಬಿಲ್ಲಿನಲ್ಲಿ
ಬೇರಿಂಗಿನ ಕೂಲಿ ನಾನೇ ಹೊಡೆದುಹಾಕಿದ್ದೆ.
ಹಳೇ ಸೆನ್ಸರ್ ಪೊಟ್ಟಣ ಕಟ್ಟಿ ಕೊಟ್ಟೆ: ಕೆಟ್ಟಿಲ್ಲ, ಇಟ್ಟುಕೊಳ್ಳಿ.
ಕೀಲಿ ಕೊಡುವಾಗ ಕೇಳಿದೆ,
"ಆ ಕರು?"

"ಯಾವುದು?" ಬೆರಳು ಮಡಿಸಿದರು.
ಆಮೇಲೆ ಹನ್ನೊಂದು ಕರು ನೋಡಿದ್ದರಂತೆ.
"ಓ, ಅದಾ..." ಎಂದು
ಬಿಚ್ಚಿಟ್ಟ ಟೈರಿನ ಮೇಲೆ ಕೂತು
ಕೆರೆ ಏರಿಯ ತಿರುವಿನಿಂದಲೇ ಶುರು ಮಾಡಿದರು.