ನಿಂತಲ್ಲೇ ಆರುನೂರು

ಡೊಂಬಿವಲಿ ಪೂರ್ವ, ಎರಡನೇ ಮಹಡಿ.
ಹಾಲಿನ ಕಿಟಕಿಗೆ ಮುಖ ಮಾಡಿ ನಿಂತಿದೆ
ದೇಢಿಯಾ ಅವರ ಮನೆಯಲ್ಲಿ ನಾಲ್ಕು ವರ್ಷ
ಒದ್ದೆ ಟವೆಲು ಹೊತ್ತ ಸೈಕಲ್ಲು.
ಹಿಂದಿನ ಚಕ್ರವಿಲ್ಲ, ಬೆಲ್ಲಿಲ್ಲ.
ಮಾರುವಾಗ ಅವರೇ ಹೇಳಿದ್ದರು:
"ಬಟ್ಟೆ ಚೆನ್ನಾಗಿ ಒಣಗುತ್ತೆ, ಸಾಹೇಬರೆ."

ಮೇ ಒಂದರಿಂದ ಮೂವತ್ತೊಂದರ ತನಕ
ಆರುನೂರು ಕಿಲೋಮೀಟರ್.
ಒಂದೊಂದಕ್ಕೆ ಇಷ್ಟೆಂದು ಬರೆಸಿಕೊಂಡಿದ್ದೇನೆ:
ಇಸ್ತ್ರಿಯ ರಾಮಸಮುಝ್ ಎಂಟಾಣೆ,
ಸೊಸೈಟಿಯ ಸೆಕ್ರೆಟರಿ ಎರಡು ರೂಪಾಯಿ, ರಸೀದಿ ಬೇಕಂತೆ,
ಹಳೇ ಆಫೀಸಿನ ಪಿಂಟೋ ಹತ್ತು,
"ನೀನು ಬದುಕಿ ಉಳಿದರೆ ಹನ್ನೆರಡು."
ದುಡ್ಡು ಹೋಗುವುದು ಟಿಳಕನಗರದ ಟ್ರಸ್ಟಿನ
ಡಯಾಲಿಸಿಸ್ ಕೋಣೆಗೆ.
ಅಲ್ಲಿ ಆರು ಕುರ್ಚಿ, ಐದೇ ಯಂತ್ರ.
ಆರನೆಯದರ ಮೇಲೆ ನರ್ಸು ತನ್ನ ಕೈಚೀಲ ಇಡುತ್ತಾಳೆ.

ಕಿಟಕಿಯ ಪಕ್ಕದ ಕುರ್ಚಿ ನಮ್ಮ ಕುಮುದಿನಿ ಅಕ್ಕನದು.
ಮಂಗಳವಾರ, ಶುಕ್ರವಾರ, ನಾಲ್ಕು ನಾಲ್ಕು ತಾಸು.
ಯಂತ್ರದ ಎದೆಯಲ್ಲಿ ಅಂಗೈಯಗಲದ ಗಾಲಿಯೊಂದು
ತಿರುಗುತ್ತಲೇ ಇರುತ್ತದೆ;
ಅವಳ ರಕ್ತ ಕೊಳವೆ ಹಿಡಿದು ಹೊರಟು
ಸುತ್ತು ಹಾಕಿ
ಅವಳ ತೋಳಿಗೇ ಮರಳುತ್ತದೆ.
ಎಲ್ಲಿಗೂ ಹೋಗದ ಪ್ರಯಾಣವನ್ನು
ಮೊದಲು ಕಂಡದ್ದು ಅಲ್ಲಿ.

ಸೈಕಲ್ಲಿನ ಸುದ್ದಿ ಕೇಳಿ ಅಕ್ಕ ನಕ್ಕಳು:
"ತಿಂಗಳಿಡೀ ತುಳಿದರೂ ನಿಂಗೆ
ಠಾಕುರ್ಲಿ ಬರೂದಿಲ್ಲೋ ತಮ್ಮಾ."

ಮೂರನೇ ದಿನ ಕೆಳಗಿನ ಮನೆಯಿಂದ
ಪೊರಕೆ ಹಿಡಿಯ ಮಾತು: ಢಂ, ಢಂ.
ಗುಪ್ತೆ ಬಾಯಿಯ ನಿದ್ದೆಯ ನೆತ್ತಿ ಮೇಲೆ
ನಾನು ಘಟ್ಟ ಹತ್ತುತ್ತಿದ್ದೆ.
ಸಂಜೆ ಬಾಗಿಲಲ್ಲಿ ಒಂದು ರಬ್ಬರ್ ಚಾಪೆ,
ಚಾಪೆಗೆ ಪಿನ್ನು ಚುಚ್ಚಿದ ಬಿಲ್ಲು: ಮುನ್ನೂರ ನಲವತ್ತು.
ಕೆಳಗಿಳಿದು ಕೊಟ್ಟೆ. ಎಣಿಸಿ ತೆಗೆದುಕೊಂಡರು.
ಆಮೇಲೆ ಕೇಳಿದರು, ಯಾರಿಗಾಗಿ ಇದೆಲ್ಲ?
ಹೇಳಿದೆ.
ಅವೇ ನೋಟುಗಳನ್ನು ನನ್ನ ಕೈಗಿಟ್ಟು
"ಎರಡರಿಂದ ನಾಲ್ಕು ಮಾತ್ರ ಬೇಡ" ಎಂದು
ಬಾಗಿಲು ಹಾಕಿಕೊಂಡರು.

ಕಿಟಕಿಯಾಚೆ ಫಾಸ್ಟ್ ಲೋಕಲ್.
ಮೂವತ್ತು ವರ್ಷ ಅದರ ಬಾಗಿಲಿಗೆ ಜೋತು
ದಿನಕ್ಕೆ ನೂರು ಕಿಲೋಮೀಟರ್ ಹೋಗಿ ಬಂದವನು ನಾನು;
ಯಾರೂ ಎಂಟಾಣೆ ಕೊಡುತ್ತೇನೆಂದಿರಲಿಲ್ಲ.
ಈಗ ಕ್ಯಾಲೆಂಡರಿನ ಚೌಕಗಳಲ್ಲಿ
ಏಕಾದಶಿಯ ಪಕ್ಕ ಇಪ್ಪತ್ತೆರಡು,
ಹಾಲಿನ ಲೆಕ್ಕದ ಪಕ್ಕ ಹತ್ತೊಂಬತ್ತು.
ಹೆಂಡತಿ ಒಮ್ಮೆ ಹಾಲಿನವನಿಗೆ
ಹತ್ತೊಂಬತ್ತು ಲೀಟರಿನ ದುಡ್ಡು ಕೊಡಹೋಗಿದ್ದಳು.

ಇಪ್ಪತ್ತಮೂರು, ಶುಕ್ರವಾರ.
ಅಕ್ಕನ ಪಕ್ಕದ ಕುರ್ಚಿಯಲ್ಲಿ ಯಾರೂ ಇರಲಿಲ್ಲ.
ವಿಠ್ಠಲವಾಡಿಯ ರಿಕ್ಷಾದ ಹುಡುಗ,
ಹೋದಾಗಲೆಲ್ಲ ನನ್ನನ್ನು ಸ್ಕೋರು ಕೇಳುತ್ತಿದ್ದವ.
ನರ್ಸು ಹೊಸ ಚಾದರ ಹಾಸುತ್ತಿದ್ದಳು.
ಮಂಗಳವಾರ ಇನ್ನೊಬ್ಬರು ಬರುತ್ತಾರೆ, ಪಟ್ಟಿ ಉದ್ದವಿದೆ.
ಅಕ್ಕ ನಾಲ್ಕೂ ತಾಸು ಗೋಡೆ ನೋಡಿದಳು.

ಮನೆಗೆ ಬಂದು, ಶರ್ಟನ್ನೂ ಬಿಚ್ಚದೆ, ತುಳಿದೆ.
ಅರ್ಧ ದಾರಿಯಲ್ಲಿ (ದಾರಿ ಎನ್ನಬಹುದಾದರೆ)
ಮೀಟರಿನ ಸೆಲ್ಲು ಮುಗಿದು
ಅಂಕಿಗಳು ಮಾಸಿ ಹೋದವು.
ನಿಲ್ಲಿಸಲಿಲ್ಲ.
ಎಷ್ಟಾಯಿತೋ. ಹನ್ನೊಂದಿರಬಹುದು, ಒಂಬತ್ತೂ ಇರಬಹುದು.
ಆ ಚೌಕದಲ್ಲಿ ಏನೂ ಬರೆದಿಲ್ಲ.
ಪಿಂಟೋಗೂ ಸೆಕ್ರೆಟರಿಗೂ
ಅದರ ಲೆಕ್ಕ ಒಪ್ಪಿಸುವುದಿಲ್ಲ.

ನಾಳೆ ಹೊಸ ಸೆಲ್ಲು ತಂದು ಹಾಕಬೇಕು.
ಎರಡರೊಳಗೆ,
ಇಲ್ಲವೇ ನಾಲ್ಕು ದಾಟಿದ ಮೇಲೆ.