ಓರೆ ನಡಿಗೆ

ಮನೆ ಮಾರಿಸಿಕೊಡುವ ಇಷ್ಬೆಲ್ ಬಂದವಳು
ಬಾಗಿಲಲ್ಲೇ ನಿಂತು ಹೇಳಿದಳು:
'ಒಳ್ಳೆಯ ಮನೆ. ಆದರೆ ಕಾಣುತ್ತಿಲ್ಲ.'

ಕಾಣುವುದಾದರೂ ಹೇಗೆ?
ನಾಲ್ಕನೇ ಅಂತಸ್ತು, ಓಣಿಯಂಥ ಕಾರಿಡಾರು,
ಅದರ ಉದ್ದಕ್ಕೂ ಹತ್ತೊಂಬತ್ತು ವರ್ಷದಿಂದ ಮಲಗಿದೆ
ಲಾಕ್ಲನ್ ಕಟ್ಟತೊಡಗಿದ ದೋಣಿ.
ತಳವಿದೆ, ಒಂದು ಮಗ್ಗುಲಿದೆ,
ಇನ್ನೊಂದು ಮಗ್ಗುಲು ಬರುವ ಬೇಸಿಗೆಗೆ.
ನಮ್ಮ ಡಂಡೀ ಊರಿನ ಬೇಸಿಗೆ ನಿಮಗೆ ಗೊತ್ತಿಲ್ಲ:
ಮಂಗಳವಾರ ಬರುತ್ತದೆ,
ಬುಧವಾರ ನಾವು ಮತ್ತೆ ಕೋಟು ಹಾಕಿಕೊಳ್ಳುತ್ತೇವೆ.

ಹಾಗಾಗಿ ಈ ಮನೆಯಲ್ಲಿ ಎಲ್ಲರದೂ ಓರೆ ನಡಿಗೆ.
ಗೋಡೆಗೆ ಬೆನ್ನು, ದೋಣಿಗೆ ಹೊಟ್ಟೆ,
ಚಹದ ಬಟ್ಟಲು ತಲೆಯ ಮೇಲೆ.
ಏಡಿಗಳ ಸಂಸಾರ.
ಏಳು ತಿಂಗಳ ಬಸುರಿಯಾದಾಗ ಮಾತ್ರ
ನಾನು ಅಡಿಗೆಮನೆಯಲ್ಲೇ ಹಾಸಿಗೆ ಹಾಕಿಸಿಕೊಂಡೆ.

'ಅರ್ಧ ತೆಗೆಯಿರಿ,' ಎಂದಳು ಇಷ್ಬೆಲ್,
'ಆಮೇಲೆ ಉಳಿದದ್ದರಲ್ಲಿ ಅರ್ಧ.
ಗೋಡೆಯ ಮೇಲಿನ ನಿಮ್ಮ ಮುಖಗಳನ್ನೂ.
ಕೊಳ್ಳುವವರು ತಮ್ಮ ಮುಖ ತೂಗುಹಾಕಿ ನೋಡಬೇಕು.'

ಶುರುಮಾಡಿದೆವು.
ಮಾರ್ಮಲೇಡಿನ ಖಾಲಿ ಜಾಡಿ ಅರವತ್ತೆರಡು.
ಸತ್ತ ರೇಡಿಯೋ ಮೂರು, ಸಾಯುತ್ತಿರುವುದು ಒಂದು.
ನನ್ನ ತಂಗಿ ಮದುವೆಗೆ ಕೊಟ್ಟ,
ಈವರೆಗೆ ಒಂದು ಮೀನಿನ ಮುಖವನ್ನೂ ಕಾಣದ ಮೀನಿನ ಪಾತ್ರೆ.
ಒಂಟಿ ಕಾಲುಚೀಲಗಳೇ ಒಂದು ಚೀಲ.
'ಜೋಡಿ ಸಿಕ್ಕರೂ ಸಿಗಬಹುದು' ಎಂದ ಲಾಕ್ಲನ್.
'ಸಿಕ್ಕಿದ್ದು ಸಾಲದೇ?' ಎಂದೆ ನಾನು.

ದಾನದ ಅಂಗಡಿಯ ವಿನಿಫ್ರೆಡ್ ನಾಲ್ಕನೆಯ ಸಲಕ್ಕೆ
ನಮ್ಮನ್ನು ದೂರದಿಂದ ಕಂಡೇ ಬೋರ್ಡು ತಿರುಗಿಸಿದಳು.
ಐದನೆಯ ಸಲ ಒಬ್ಬನೇ ಹೋದವನು
ಒಂದು ಮೇಜುದೀಪ ಕೊಂಡು ತಂದ.
ನಮ್ಮದೇ. ಸೋಮವಾರ ನಾನೇ ಕೊಟ್ಟದ್ದು.
'ಅಗ್ಗಕ್ಕೆ ಸಿಕ್ಕಿತು' ಅಂದ.

ದೋಣಿಗೆ ಗರಗಸ ಬಂತು.
ಕೊಯ್ಯುವ ಹೊತ್ತಿಗೆ ನಾನು ಕೋಣೆಯೊಳಗೆ ಹೋಗಿ
ಮಡಚಿದ್ದ ಬಟ್ಟೆಗಳನ್ನೇ ಮತ್ತೆ ಮಡಚಿದೆ.
ಹನ್ನೊಂದು ತುಂಡು, ಎಪ್ಪತ್ತೆರಡು ಮೆಟ್ಟಿಲು,
ಪಕ್ಕದ ಮನೆಯ ಸ್ಟ್ರೂಅನ್ ಕೈಹಚ್ಚಿದ.
ಮೂತಿಯ ಹಲಗೆ ಎಲ್ಲಿ ಹೋಯಿತೋ
ನಾನು ಕೇಳಲಿಲ್ಲ, ಅವನು ಹೇಳಲಿಲ್ಲ.

ಆಮೇಲೆ ಕಿಟಕಿ.
ಹನ್ನೊಂದು ಚಳಿಗಾಲ ಅದು ಮುಚ್ಚಿರಲಿಲ್ಲ.
ಸಂದಿಗೆ ಪತ್ರಿಕೆ ತುರುಕಿ ತುರುಕಿ
ಎಷ್ಟು ಸರ್ಕಾರಗಳು ಅಲ್ಲಿ ನೆನೆದು ಮುದ್ದೆಯಾದವು!
ಹೊಸ ಹಗ್ಗ, ಎರಡು ತಿರುಪು, ಕಾಲು ಗಂಟೆ.
ಮುಚ್ಚಿತು.
ಆ ಸದ್ದಿಗೆ ಇಬ್ಬರೂ ತಲೆ ತಗ್ಗಿಸಿದೆವು.
ಯಾರೋ ಬೆಚ್ಚಗಿರಲಿ ಎಂದು ಕಾಲು ಗಂಟೆ ಸಿಕ್ಕಿತು,
ನಮಗೋಸ್ಕರ ಸಿಕ್ಕಿರಲಿಲ್ಲ.
ಗಾಜು ಒರೆಸಿದರೆ ಅಗೋ ಟೇ ನದಿ,
ಅದರ ಮೇಲೆ ಇಂಚಿಂಚಾಗಿ ರೈಲು.
ಇಷ್ಟು ವರ್ಷವೂ ರೇಡಿಯೋಗಳ ಹಿಂದೆ
ಹರಿಯುತ್ತಲೇ ಇತ್ತು ಪಾಪ.

ಶನಿವಾರ ನೋಡುವವರು ಬಂದರು.
ಎಳೆಯ ಜೋಡಿ, ಮಳೆಗೆ ನೆನೆದ ಶೂ.
ಕೈಬೀಸಿಕೊಂಡು ನಡೆದರು ಕಾರಿಡಾರಿನಲ್ಲಿ,
ಅಕ್ಕಪಕ್ಕ!
ಇಲ್ಲಿ ಇಬ್ಬರು ಅಕ್ಕಪಕ್ಕ ನಡೆಯಬಹುದೆಂದು
ನಮಗೆ ಯಾರು ಹೇಳಿದ್ದರು?
'ಇಷ್ಟು ವಿಶಾಲವಾದ ಮನೆ, ಯಾಕೆ ಬಿಡುತ್ತೀರಿ?'
ಮೆಟ್ಟಿಲಿನ ಮಾತೆತ್ತಬೇಡಿ ಎಂದು
ಇಷ್ಬೆಲ್ ಕಣ್ಣಲ್ಲೇ ತಡೆದಳು.
ಮೊಣಕಾಲು ಸವರಿಕೊಂಡು ಏನೋ ಅಂದೆ.
ನಿಜ ಹೇಳಬೇಕೆಂದರೆ, ಆ ಗಳಿಗೆಯಲ್ಲಿ
ಬೆಲೆ ಎಷ್ಟೆಂದು ನಾನೇ ಕೇಳುವವಳಿದ್ದೆ.

ರಾತ್ರಿ ಹತ್ತು. ಖಾಲಿ ಕಾರಿಡಾರು, ದೀಪ ಹಾಕಿಲ್ಲ.
ಅಡಿಗೆಮನೆಯಿಂದ ಲಾಕ್ಲನ್ ಬರುತ್ತಿದ್ದಾನೆ,
ಗೋಡೆಗೆ ಬೆನ್ನು ತೀಡುತ್ತ,
ಎರಡು ಬಟ್ಟಲು ತಲೆಯ ಮೇಲೆ ಹಿಡಿದು.
'ದಾರಿ ಇದೆ ಕಣೋ' ಅನ್ನಬೇಕು ಅಂದುಕೊಂಡೆ.
ಅನ್ನಲಿಲ್ಲ.
ಎದ್ದು ಎದುರು ಹೋದೆ,
ಹೊಟ್ಟೆ ಒಳಗೆಳೆದುಕೊಂಡು.